ಅರ್ಧ ಗಂಟೆಗೆ ನಿಲ್ಲುವ ಕೆಮರಾ: ದೋಷ ಕಾರ್ಡಿನದ್ದೇ?

ಕಾಸರಗೋಡು: ಕುಂಬಳೆ ಸೀಮೆಯ ಜಾತ್ರೆ, ಮದುವೆ, ಬಯಲಾಟಗಳಲ್ಲಿ ಹಳೆಯ ಕ್ಯಾಸೆಟ್ ವೀಡಿಯೊ ಕೆಮರಾದ ಜಾಗಕ್ಕೆ ಮಿರರ್‌ಲೆಸ್ ಕೆಮರಾ ಬಂದಿದೆ. ಚಿತ್ರವೇನೋ ಚೆಂದ. ಆದರೆ ಪ್ರಸಂಗ ಏರುವ ಹೊತ್ತಿಗೆ ಕೆಮರಾ ತಾನಾಗಿ ನಿಂತರೆ? ಇನ್ನೊಮ್ಮೆ ಕುಣಿಯಿರಿ ಎಂದು ವೇಷಧಾರಿಗೆ ಹೇಳುವಂತಿಲ್ಲ, ಧಾರೆಯನ್ನು ಎರಡನೇ ಸಲ ಎರೆಸುವಂತಿಲ್ಲ.

ಹಲವರು ಮೊದಲು ದೂರುವುದು ಕಾರ್ಡನ್ನು. ಅನೇಕ ಕೆಮರಾಗಳಲ್ಲಿ ಕಾರಣ ಬೇರೆಯೇ, ಅದೂ ಸುಂಕದ ಕಟ್ಟೆಯದ್ದು. ಒಂದೇ ಓಟಕ್ಕೆ 30 ನಿಮಿಷ ಅಥವಾ ಹೆಚ್ಚು ಚಿತ್ರೀಕರಿಸುವ ಯಂತ್ರವನ್ನು ಯುರೋಪ್ ಒಕ್ಕೂಟ ‘ವೀಡಿಯೊ ಕೆಮರಾ’ ಎಂದು ಪರಿಗಣಿಸಿ ಹೆಚ್ಚು ಸುಂಕ ಹಾಕುತ್ತಿತ್ತು. ಅದನ್ನು ತಪ್ಪಿಸಲು ಕಂಪೆನಿಗಳು 29 ನಿಮಿಷ 59 ಸೆಕೆಂಡಿಗೆ ಕೆಮರಾ ನಿಲ್ಲುವಂತೆ ಮಾಡಿದವು. ಬ್ರಸೆಲ್ಸಿನ ಸುಂಕಕ್ಕೆ ಬಾಯಾರಿನ ಆಟ ಅರ್ಧಕ್ಕೆ ನಿಂತ ಹಾಗಾಯಿತು! 2015ರ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಬಳಿಕ ಆ ಸುಂಕ ಹಂತಹಂತವಾಗಿ ಇಳಿಯಿತು. 2019ರ ಸೋನಿ ಎ6400ರಲ್ಲಿ ಈ ಮಿತಿ ಇಲ್ಲ. 2020ರ ಕ್ಯಾನನ್ ಆರ್6ರಲ್ಲಿ ಇದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇದನ್ನು ಕೇಳಿಯೇ ಹಣ ಕೊಡಬೇಕು.

ಇನ್ನೊಂದು ಮಿತಿ 4 ಜಿಬಿಯದ್ದು. 32 ಜಿಬಿವರೆಗಿನ ಕಾರ್ಡುಗಳು ಬಳಸುವ ಫ್ಯಾಟ್32 ಪದ್ಧತಿಯಲ್ಲಿ ಒಂದು ಫೈಲು ಅದಕ್ಕಿಂತ ದೊಡ್ಡದಾಗದು. ಆಗ ಕೆಮರಾ ಚಿತ್ರವನ್ನು ತುಂಡು ಮಾಡಿ ಮುಂದುವರಿಸುತ್ತದೆ. ನಷ್ಟವೇನಿಲ್ಲ, ಕಂಪ್ಯೂಟರಿಗೆ ಇಳಿಸುವಾಗ ಒಂದು ತುಂಡು ಬಿಟ್ಟುಹೋಗದಿದ್ದರಾಯಿತು. 64 ಜಿಬಿ ಮತ್ತು ಮೇಲಿನ ಕಾರ್ಡುಗಳದ್ದು ಎಕ್ಸ್‌ಫ್ಯಾಟ್. ಅಲ್ಲಿ ಈ ತಡೆ ಇಲ್ಲ, ಆದರೂ ಕೆಲವು ಕೆಮರಾಗಳು ತುಂಡು ಮಾಡುತ್ತವೆ.

ಕಾರ್ಡಿನ ಲೆಕ್ಕ ಸುಲಭ. ಕೆಮರಾದಲ್ಲಿ 100 ಎಂಬಿಪಿಎಸ್ ಎಂದಿದ್ದರೆ ಅದು ಬಿಟ್‌ಗಳ ಲೆಕ್ಕ. 8ರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ರಾತ್ರಿಯಿಡೀ ಎಂಟು ಗಂಟೆಯ ಆಟಕ್ಕೆ 360 ಜಿಬಿ. 50ಕ್ಕೆ ಇಳಿಸಿದರೆ ಅರ್ಧ ಸಾಕು. ಕುಳಿತು ಅರ್ಥ ಹೇಳುವ ತಾಳಮದ್ದಳೆಗೆ 4ಕೆ ದುಂದುವೆಚ್ಚವೇ ಸರಿ. ಕಾರ್ಡಿನ ಮೇಲೆ ವಿ30 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ. 100 ಎಂಬಿಪಿಎಸ್‌ಗೆ ಅದು ಧಾರಾಳ. ದೊಡ್ಡಕ್ಷರದಲ್ಲಿ ಬರೆದ ಇನ್ನೊಂದು ವೇಗ ಸಾಮಾನ್ಯವಾಗಿ ಓದುವ ವೇಗ, ಅದಕ್ಕೆ ಮರುಳಾಗಬೇಡಿ.

ಸೆಕೆಯ ರಾತ್ರಿ, ರಂಗಸ್ಥಳದ ದೀಪದ ಪಕ್ಕದಲ್ಲಿ 4ಕೆ ತೆಗೆದರೆ ಕೆಮರಾ ಬಿಸಿಯೇರಿಯೂ ನಿಲ್ಲಬಹುದು. ಪರದೆಯನ್ನು ಹೊರಕ್ಕೆ ಬಿಡಿಸಿಟ್ಟರೆ ಗಾಳಿಯಾಡುತ್ತದೆ. ಮಿತಿಯಿರುವ ಕೆಮರಾದವರು 25 ನಿಮಿಷಕ್ಕೆ ಮೊಬೈಲಿನಲ್ಲಿ ಅಲಾರಾಂ ಇಟ್ಟು, ವೇಷ ಬದಲಾಗುವ ಬಿಡುವಿನಲ್ಲಿ ತಾವೇ ನಿಲ್ಲಿಸಿ ಮತ್ತೆ ಶುರು ಮಾಡುವುದು ಒಳ್ಳೆಯದು.