ಅಬ್ಬರದೊಳಗಿನ ಅಳಲು

ಕಾಲೇಜಿನಲ್ಲಿ ಪಂಪ, ರನ್ನರನ್ನು ಬೋಧಿಸುವವನೊಬ್ಬನು ಮನೆಗೆ ಬಂದು ಬಾಗಿಲಿಕ್ಕಿಕೊಂಡು, ‘ಡೆತ್’ ಎಂಬ ಅಮೆರಿಕನ್ ವಾದ್ಯವೃಂದದ ಗರ್ಜನೆಯನ್ನು ಕೇಳುತ್ತಾನೆಂದರೆ ವಾಚಕರು ಹುಬ್ಬೇರಿಸಿಯಾರು. ಹೆವಿ ಮೆಟಲ್ ಸಂಗೀತದಲ್ಲೇ ಅತ್ಯುಗ್ರವಾದ ಶಾಖೆ ಅದು. ನನ್ನ ಮನೆಯಾಕೆಯಂತೂ ಅದನ್ನು ಸಂಗೀತವೆಂದು ಒಪ್ಪಿದವಳಲ್ಲ; ಮಿಕ್ಸಿ ಕೆಟ್ಟಿತೇನೋ ಎಂದು ಒಮ್ಮೆ ಅಡಿಗೆಮನೆಗೆ ಹೋಗಿ ನೋಡಿ ಬಂದದ್ದೂ ಉಂಟು.

ಅವಳ ತಪ್ಪಿಲ್ಲ. 1995ರಲ್ಲಿ ಹೊರಬಂದ ‘ಸಿಂಬಾಲಿಕ್’ ಎಂಬ ಆ ಧ್ವನಿಮುದ್ರಿಕೆಯನ್ನು ಹಾಸ್ಟೆಲಿನಲ್ಲಿ ಮಿತ್ರನೊಬ್ಬನು ಮೊದಲ ಸಲ ಕೇಳಿಸಿದಾಗ ನಾನೂ ಕಿವಿ ಮುಚ್ಚಿಕೊಂಡಿದ್ದೆ. ಅದು ಮತ್ತೆ ನನ್ನ ಬಳಿಗೆ ಬಂದುದು ನನ್ನ ಅಣ್ಣ ತೀರಿಕೊಂಡ ವರ್ಷ. ಬಂಧುಗಳ ಸಾಂತ್ವನವಾಗಲಿ, ನಾನು ಮೆಚ್ಚಿದ್ದ ಭಾವಗೀತೆಗಳಾಗಲಿ ಆಗ ಮನಸ್ಸನ್ನು ಮುಟ್ಟಲಿಲ್ಲ. ಮೃದುವಾದುದೆಲ್ಲ ಸುಳ್ಳೆನಿಸುತ್ತಿದ್ದ ಆ ದಿನಗಳಲ್ಲಿ, ಒಂದು ರಾತ್ರಿ, ಈ ಕರ್ಕಶ ಕಂಠವೊಂದೇ ನಿಜವನ್ನಾಡುತ್ತಿರುವಂತೆ ತೋರಿತು.

ಆ ಕಂಠ ಚಕ್ ಶುಲ್ಡಿನರನದು. ಫ್ಲಾರಿಡಾದಲ್ಲಿ ಬೆಳೆದ ಆತ ಗಿಟಾರನ್ನೂ ನುಡಿಸುತ್ತಿದ್ದ, ಹಾಡುಗಳನ್ನೂ ಬರೆಯುತ್ತಿದ್ದ. ವೃಂದದ 1987ರ ಮೊದಲ ಮುದ್ರಿಕೆಯ ತುಂಬ ಹೆಣ, ನೆತ್ತರುಗಳ ಬೀಭತ್ಸವೇ. ಅದನ್ನು ನಾನು ಮೆಚ್ಚಲಾರೆ. ಆದರೆ ಎಂಟು ವರ್ಷಗಳಲ್ಲಿ ಆತ ಎಷ್ಟು ದೂರ ಬಂದ! ‘ಸಿಂಬಾಲಿಕ್’ನ ಒಂಬತ್ತು ಹಾಡುಗಳಲ್ಲಿ ಮೊದಲನೆಯದೇ ಕಳೆದುಹೋದ ಬಾಲ್ಯದ ಮುಗ್ಧತೆಯನ್ನು ನೆನೆಯುತ್ತದೆ. ಜೀನ್ ಹೋಗ್ಲನನ ಎರಡು ಕಾಲುಗಳೂ ಡ್ರಮ್ಮಿನ ಪೆಡಲುಗಳ ಮೇಲೆ ಆಲಿಕಲ್ಲಿನ ಮಳೆಗರೆಯುತ್ತಿರಲು, ಆ ಮಳೆಯ ನಡುವೆ ಎರಡು ಗಿಟಾರುಗಳು ಒಂದನ್ನೊಂದು ಕೈಹಿಡಿದು ನಡೆಸುತ್ತವೆ. ಎಂಟು ನಿಮಿಷಕ್ಕೂ ಮೀರಿದ ಕಡೆಯ ಹಾಡು ‘ಪೆರೆನಿಯಲ್ ಕ್ವೆಸ್ಟ್’. ಅದರ ಕೊನೆಯಲ್ಲಿ ಗರ್ಜನೆ ಅಡಗುತ್ತದೆ. ಉಳಿಯುವುದು ಮಾತಿಲ್ಲದ, ಶಾಂತವಾದ ತಂತಿಯ ನಾದ ಮಾತ್ರ. ಅಣ್ಣನಿಗಾಗಿ ನಾನು ಮೊದಲು ಅತ್ತದ್ದು ಅಲ್ಲಿ.

ಆಮೇಲೆ ಆತನ ಜೀವನವೃತ್ತಾಂತವನ್ನು ಓದಿದೆ. ಚಕ್‌ನ ಅಣ್ಣನೂ ಹದಿನಾರನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದನಂತೆ. ಒಂಬತ್ತು ವರ್ಷದ ತಮ್ಮನು ದುಃಖವನ್ನು ಮರೆಯಲೆಂದು ತಂದೆತಾಯಿಗಳು ಕೊಡಿಸಿದ್ದು ಗಿಟಾರನ್ನು!

1999ರಲ್ಲಿ ಚಕ್‌ನ ಮೆದುಳಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆಗೆಂದು ಅಭಿಮಾನಿಗಳೂ ಸಹಕಲಾವಿದರೂ ಹಣ ಕೂಡಿಸಿದರು. 2001ರ ಡಿಸೆಂಬರ್ 13ರಂದು ಆತ ತೀರಿಕೊಂಡಾಗ ವಯಸ್ಸು 34. ನನಗೀಗ ಅದೇ ವಯಸ್ಸು.

ಮೊನ್ನೆ ಸಂಜೆ ಮನೆಯಾಕೆ ಕಾಫಿ ತಂದಾಗ ಆ ಕಡೆಯ ಹಾಡು ಮುಗಿಯುವುದರಲ್ಲಿತ್ತು. ಲೋಟ ಹಿಡಿದುಕೊಂಡೇ ಕೊಂಚ ಹೊತ್ತು ನಿಂತಳು.

“ಇದು ಯಾರದು? ಚೆನ್ನಾಗಿದೆಯಲ್ಲ!” ಎಂದಳು.

ಅದಕ್ಕೆ ಹಿಂದಿನ ನಿಮಿಷಗಳ ಸಂಗತಿಯನ್ನು ನಾನಿನ್ನೂ ಅವಳಿಗೆ ತಿಳಿಸಿಲ್ಲ.