ಮೂತ್ರಪಿಂಡ ರಕ್ತ ಸೋಸುವ ಬಗೆ

ಬೆನ್ನುಮೂಳೆಯ ಎಡಬಲದಲ್ಲಿ, ಪಕ್ಕೆಲುಬುಗಳ ಕೆಳಭಾಗದಲ್ಲಿ, ಮುಷ್ಟಿಯಷ್ಟು ದೊಡ್ಡದಾದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲೂ ನೆಫ್ರಾನ್ ಎಂಬ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಪ್ರತಿ ನೆಫ್ರಾನಿನ ತುದಿಯಲ್ಲಿ ಕೂದಲಿಗಿಂತ ತೆಳುವಾದ ರಕ್ತನಾಳಗಳ ಒಂದು ಉಂಡೆ. ರಕ್ತದ ಒತ್ತಡಕ್ಕೆ ನೀರು, ಉಪ್ಪು, ಸಕ್ಕರೆ, ಯೂರಿಯಾ ಅದರಿಂದ ಸೋಸಿ ಹೊರಬರುತ್ತವೆ. ರಕ್ತಕಣ, ಪ್ರೋಟೀನು ಒಳಗೇ ಉಳಿಯುತ್ತವೆ.

ಹೀಗೆ ದಿನಕ್ಕೆ ಸೋಸುವುದು ಸುಮಾರು 180 ಲೀಟರ್. ಮೂತ್ರವಾಗಿ ಹೋಗುವುದು ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದ ನೀರು, ಸಕ್ಕರೆ, ಬೇಕಾದಷ್ಟು ಉಪ್ಪನ್ನು ನೆಫ್ರಾನಿನ ಕೊಳವೆ ಮತ್ತೆ ರಕ್ತಕ್ಕೆ ಸೇರಿಸುತ್ತದೆ.

ಸಕ್ಕರೆ ಕಾಯಿಲೆ, ಬಿಪಿ ಹತೋಟಿ ತಪ್ಪಿದರೆ ಈ ಜರಡಿ ಹಾಳಾಗುತ್ತದೆ. ಅಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರತೊಡಗುತ್ತದೆ. ನೋವೇನೂ ಇರುವುದಿಲ್ಲ. ಉಳಿದ ನೆಫ್ರಾನ್‌ಗಳು ಹೆಚ್ಚು ದುಡಿದು ತೂಗಿಸುವುದರಿಂದ, ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋದರೂ ತಿಳಿಯದೇ ಇರಬಹುದು.

ಆದ್ದರಿಂದ ಈ ಕಾಯಿಲೆಗಳಿರುವ ಸದಸ್ಯರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿ. ಕಾಸರಗೋಡಾಗಲಿ ಸೊಲ್ಲಾಪುರವಾಗಲಿ, ಲ್ಯಾಬಿನ ವರದಿಯಲ್ಲಿ ನೋಡಬೇಕಾದ ಹೆಸರುಗಳು ಇವೇ. ಮಂಡಿನೋವಿಗೆಂದು ವೈದ್ಯರನ್ನು ಕೇಳದೆ ದಿನವೂ ನೋವಿನ ಮಾತ್ರೆ ನುಂಗಬೇಡಿ. ಅದೂ ಮೂತ್ರಪಿಂಡವನ್ನು ಕೆಡಿಸಬಲ್ಲದು.