ಎಲೆ ಉದುರುವ ಕಾಲದಲ್ಲಿ ಒಂದು ದಿನದ ಪ್ರವಾಸ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಎಲೆಗಳು ಅಕ್ಟೋಬರಿನಲ್ಲಿ ಬಣ್ಣ ತಾಳುತ್ತವೆ. ನಮ್ಮಲ್ಲಿ ಆ ಸೊಬಗು ಶಿಶಿರ ಋತುವಿನದು. ಫೆಬ್ರುವರಿಯ ಉತ್ತರಾರ್ಧದಲ್ಲಿ ತೇಗ, ಮತ್ತಿ ಮರಗಳು ಬರಿದಾಗಿರಲು, ಎಲೆಯಿಲ್ಲದ ಮುತ್ತುಗ ಕೆಂಪಾಗಿ ಅರಳಿರುತ್ತದೆ. ಮಾರ್ಚ್ 31ರ ಲೆಕ್ಕಪತ್ರ ಮುಕ್ತಾಯದ ಧಾವಂತದಲ್ಲಿ ವರ್ತಕರಿಗೆ ಈ ನೋಟ ಪ್ರತಿ ವರ್ಷವೂ ಕೈತಪ್ಪುತ್ತದೆ. ಆದಕಾರಣ ಅದಕ್ಕೂ ಮುನ್ನವೇ ವಾರದ ರಜೆಯೊಂದನ್ನು ಕುಟುಂಬಕ್ಕೆ ಮೀಸಲಿಡುವುದು ಸೂಕ್ತ.

ನಿಟ್ಟುವಳ್ಳಿಯಿಂದ ಬೆಳಗಿನ ಆರಕ್ಕೆ ಹೊರಟು, ಸಂತೇಬೆನ್ನೂರಿನ ಪುಷ್ಕರಣಿ ನೋಡಿಕೊಂಡು, ಚನ್ನಗಿರಿ, ಭದ್ರಾವತಿ ಮಾರ್ಗವಾಗಿ ಲಕ್ಕವಳ್ಳಿಯ ಭದ್ರಾ ಜಲಾಶಯ ತಲುಪಬಹುದು. ನಮ್ಮ ಅಕ್ಕಿ ಗಿರಣಿಗಳಿಗೆ ಬರುವ ಭತ್ತ ಬೆಳೆಯುವುದು ಇಲ್ಲಿಂದ ಹೊರಡುವ ನಾಲೆಯ ನೀರಿನಿಂದಲೇ. ಜಲಾಶಯಕ್ಕೆ ಹೊಂದಿಕೊಂಡ ಭದ್ರಾ ಅಭಯಾರಣ್ಯವು 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಣಗಿದ ಎಲೆಗೆ ಕಿಡಿ ತಗುಲಿದರೆ ಕಾಡೇ ಉರಿಯುವುದರಿಂದ ಬೀಡಿ, ಸಿಗರೇಟು, ಒಲೆ ಸರ್ವಥಾ ಸಲ್ಲದು. ಕತ್ತಲಾಗುವ ಮುನ್ನ ಹಿಂದಿರುಗುವುದು ಲೇಸು. ಮರುದಿನ ಅಂಗಡಿ ತೆರೆಯಬೇಕಷ್ಟೆ.